ಸದ್ದು ನಿಂತಿತು, ಕಾರಣ ತಿಳಿಯಿತೇ?

ಕಂಪ್ಯೂಟರಿನಲ್ಲಿ ಹಾಡು ಕೇಳುತ್ತಿರುವಾಗ ನಡುನಡುವೆ ಚರಚರ, ಪಟಪಟ ಎಂಬ ಸದ್ದು ಬರತೊಡಗಿದರೆ ಮನೆಯವರು ಮಾಡುವ ಕೆಲಸಗಳಿಗೆ ಒಂದು ಕ್ರಮವೇ ಇದೆ. ಮೊದಲು ಆಫ್ ಮಾಡಿ ಆನ್ ಮಾಡುತ್ತಾರೆ. ಬಗ್ಗದಿದ್ದರೆ ಸ್ಪೀಕರಿನ ಪಿನ್ ಕಿತ್ತು, ಊದಿ, ಮತ್ತೆ ಚುಚ್ಚುತ್ತಾರೆ. ಅದೂ ಆಗದಿದ್ದರೆ ಬೆಂಗಳೂರಿನ ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಇರುವ ರಿಪೇರಿ ಅಂಗಡಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಡ್ರೈವರ್ ಹೊಸದಾಗಿ ಹಾಕುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಇವುಗಳಲ್ಲಿ ಯಾವುದೋ ಒಂದಾದ ಮೇಲೆ ಸದ್ದು ನಿಲ್ಲುತ್ತದೆ. ನಿಂತ ಕೂಡಲೇ ತೀರ್ಮಾನವೂ ಹುಟ್ಟುತ್ತದೆ: ಕೊನೆಯಲ್ಲಿ ಮಾಡಿದ್ದು ಏನೋ ಅದೇ ಮದ್ದು, ಆ ಮದ್ದು ಯಾವುದಕ್ಕೋ ಅದೇ ರೋಗ. ಹರಕೆ ಹೊತ್ತ ಮೇಲೆ ಜ್ವರ ಇಳಿದರೆ, ಶಾಂತಿ ಮಾಡಿಸಿದ ಮೇಲೆ ಕೆಲಸ ಸಿಕ್ಕರೆ ನಾವು ಮುಟ್ಟುವ ತೀರ್ಮಾನದ ಜಾಡೂ ಇದೇ. ಹಾಗಾಗಿ ಸ್ಪೀಕರಿನ ಈ ಸಣ್ಣ ತಾಪತ್ರಯದೊಳಗೆ ದೊಡ್ಡದೊಂದು ಪ್ರಶ್ನೆ ಕೂತಿದೆ. ತೊಂದರೆ ಪರಿಹಾರವಾಯಿತು ಎಂಬುದು ಅದರ ಕಾರಣ ನಮಗೆ ತಿಳಿಯಿತು ಎಂಬುದಕ್ಕೆ ಪ್ರಮಾಣವಾಗುತ್ತದೆಯೇ? ಆಗುವುದಿಲ್ಲ ಎಂಬುದು ನನ್ನ ವಾದ. ಹೋದ ತೊಂದರೆಯನ್ನು ಬೇಕೆಂದಾಗ ಮರಳಿ ತರಿಸಿ, ಮತ್ತೆ ಹೋಗಲಾಡಿಸಬಲ್ಲವನಿಗೆ ಮಾತ್ರ ಕಾರಣ ಗೊತ್ತಿದೆ ಎನ್ನಬಹುದು.

ಸದ್ದು ಹುಟ್ಟುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಂಪ್ಯೂಟರ್ ಧ್ವನಿಯನ್ನು ಅಂಕಿಗಳ ಸಾಲಾಗಿ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳು. ಪ್ರೊಸೆಸರ್ ಇವನ್ನು ಒಂದೊಂದಾಗಿ ಕೊಡದೆ, ಗುಂಪುಗುಂಪಾಗಿ ಬಫರ್ ಎಂಬ ಜಾಗಕ್ಕೆ ತುಂಬಿಸುತ್ತದೆ. ಮಹಡಿಯ ಮೇಲಿನ ಟ್ಯಾಂಕ್ ಬರಿದಾಗುವ ಮುನ್ನ ಸಂಪಿನ ಮೋಟಾರ್ ಹಾಕಬೇಕಲ್ಲ, ಹಾಗೆಯೇ ಇದು. ಬಫರಿನಲ್ಲಿ 512 ಅಂಕಿಗಳಿದ್ದರೆ ಅವು ಖರ್ಚಾಗಲು ಸುಮಾರು 10.7 ಮಿಲಿಸೆಕೆಂಡ್ ಸಾಕು. ಅಷ್ಟರೊಳಗೆ ಮುಂದಿನ ಕಂತು ಬರಲೇಬೇಕು. ವೈಫೈ ಡ್ರೈವರೋ ಇನ್ನಾವುದೋ ಪ್ರೊಸೆಸರನ್ನು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡರೆ ಧ್ವನಿಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕೇ ನಮ್ಮ ಕಿವಿಗೆ ಪಟ್ ಎಂದು ಕೇಳುವುದು. ಈಗ ಬಫರನ್ನು 2048ಕ್ಕೆ ಏರಿಸಿದರೆ ಸುಮಾರು 42.7 ಮಿಲಿಸೆಕೆಂಡಿನ ಬಿಡುವು ಸಿಗುತ್ತದೆ, ಸದ್ದು ನಿಲ್ಲುತ್ತದೆ. ತಡಮಾಡುತ್ತಿದ್ದ ಡ್ರೈವರ್ ಮಾತ್ರ ಇದ್ದಲ್ಲೇ ಇದೆ, ತಡಮಾಡುತ್ತಲೇ ಇದೆ. ರೀಸ್ಟಾರ್ಟ್ ಮಾಡಿದಾಗಲೂ ಅಷ್ಟೇ: ಹಿನ್ನೆಲೆಯಲ್ಲಿ ಓಡುತ್ತಿದ್ದ ಹತ್ತಾರು ಕೆಲಸಗಳು ಒಟ್ಟಿಗೆ ಅಳಿದು ಹೊಸದಾಗಿ ಶುರುವಾಗುತ್ತವೆ. ಅಳಿದವುಗಳಲ್ಲಿ ತಪ್ಪಿತಸ್ಥ ಯಾವುದು ಎಂಬುದನ್ನು ಆ ಮೌನ ಹೇಳುವುದಿಲ್ಲ.

ಕೇಳುವ ಸದ್ದೆಲ್ಲ ಒಂದೇ ಜಾತಿಯದೂ ಅಲ್ಲ. ಬಿಡಿಬಿಡಿಯಾದ ಪಟಪಟಕ್ಕೆ ಬಫರ್ ಕಾರಣವಿರಬಹುದು, ಪಿನ್ ಅಲುಗಾಡಿಸಿದಾಗ ಮಾತ್ರ ಬರುವ ಕರಕರಕ್ಕೆ ಸಡಿಲಗೊಂಡ ಜ್ಯಾಕ್ ಇರಬಹುದು. ಗುಂಯ್ ಎಂದು ಎಡೆಬಿಡದೆ ಬರುವ ಸದ್ದಿನ ಕಥೆ ಬೇರೆ. ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಮೂಲಕ ಮನೆಯ ಅರ್ಥಿಂಗ್ ಸಂಪರ್ಕವಿದೆ. ಅದೇ ಕಂಪ್ಯೂಟರಿನಿಂದ ಆಂಪ್ಲಿಫೈಯರಿಗೆ ತಂತಿ ಹೋಗಿದೆ, ಆಂಪ್ಲಿಫೈಯರಿನಿಂದ ಸೆಟ್‌ಟಾಪ್ ಬಾಕ್ಸಿಗೆ ಇನ್ನೊಂದು, ಅಲ್ಲಿಂದ ಕೇಬಲ್ ಟಿವಿಯ ತಂತಿ ಹೊರಗೆಲ್ಲೋ ಇನ್ನೊಂದು ಕಡೆ ಭೂಮಿಗೆ ಸೇರಿದೆ. ಈ ಎರಡು ಅರ್ಥಿಂಗ್‌ಗಳ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಧ್ವನಿಯ ತಂತಿಯ ಹೊರಕವಚದಲ್ಲಿ ಕರೆಂಟ್ ಹರಿದು, ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಮಡಿಗಳು ಸ್ಪೀಕರಿನಲ್ಲಿ ಗುಂಯ್ಗುಡುತ್ತವೆ. ಕೇಬಲ್ ತಂತಿ ಕಳಚಿದರೆ ಸದ್ದು ನಿಲ್ಲಬೇಕು, ಸಿಕ್ಕಿಸಿದರೆ ಬರಬೇಕು, ಮತ್ತೆ ಕಳಚಿದರೆ ಮತ್ತೆ ನಿಲ್ಲಬೇಕು. ಈ ಮೂರೂ ನಡೆದರೆ ಕಾರಣ ಕೈಗೆ ಸಿಕ್ಕಿದೆ. ಮೊದಲನೆಯದು ಮಾತ್ರ ನಡೆದಿದ್ದರೆ ನಮ್ಮಲ್ಲಿರುವುದು ಒಂದು ಊಹೆ, ಅಷ್ಟೇ.

ಊಹೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿನ ಪಶ್ಚಿಮ ಭಾಗವೇ ಒಳ್ಳೆಯ ಉದಾಹರಣೆ ಒದಗಿಸುತ್ತದೆ. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಮೆಟ್ರೊ ಓಡತೊಡಗಿದ್ದು 2021ರ ಆಗಸ್ಟ್ ಕೊನೆಯಲ್ಲಿ. ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಡಿಸಿ ಕರೆಂಟ್ ಹರಿಯುತ್ತದೆ. ಆ ದಾರಿಯ ಪಕ್ಕದ ಮನೆಯೊಂದರಲ್ಲಿ ಅದೇ ತಿಂಗಳು ಸ್ಪೀಕರ್ ಕರಕರ ಎನ್ನಲು ಶುರುವಾಯಿತು ಎಂದಿಟ್ಟುಕೊಳ್ಳಿ. ‘ಮೆಟ್ರೊ ಬಂತು, ಸದ್ದೂ ಬಂತು’ ಎಂಬ ಮಾತು ತೀರಾ ಸಹಜವಾಗಿ ನಾಲಗೆಗೆ ಬರುತ್ತದೆ. ಆದರೆ ಅದು ಕೋವಿಡ್ ಕಾಲ. ಆನ್‌ಲೈನ್ ಕ್ಲಾಸಿಗೆಂದು ಹೊಸ ಹೆಡ್‌ಸೆಟ್, ಮನೆಯಿಂದ ಕೆಲಸಕ್ಕೆಂದು ಇನ್ನೊಂದು ಲ್ಯಾಪ್‌ಟಾಪ್, ಅದಕ್ಕೆ ಅಗ್ಗದ ಚಾರ್ಜರ್, ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಆರು ಪ್ಲಗ್ಗು, ಇವೆಲ್ಲ ಮನೆಯೊಳಕ್ಕೆ ಬಂದದ್ದೂ ಅದೇ ದಿನಗಳಲ್ಲಿ. ಮೆಟ್ರೊ ಮೇಲಿನ ಅನುಮಾನವನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ರಾತ್ರಿ ರೈಲುಗಳು ನಿಂತ ಮೇಲೆ, ಎರಡು ಗಂಟೆಗೆ, ಅದೇ ಹಾಡನ್ನು ಅದೇ ಸ್ಪೀಕರಿನಲ್ಲಿ ಹಾಕಿ ಕೇಳಿದರಾಯಿತು. ಆಗಲೂ ಸದ್ದಿದ್ದರೆ ಓಡುವ ರೈಲಿನ ಮೇಲೆ ಹೊರಿಸಿದ ಆರೋಪ ಬಿತ್ತು. ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದಾಗ ನಿಂತು, ಸಿಕ್ಕಿಸಿದಾಗ ಮರಳಿದರೆ ತಪ್ಪಿತಸ್ಥನ ವಿಳಾಸ ಚಾರ್ಜರಿನ ಸುತ್ತಮುತ್ತಲೇ ಇದೆ.

ಇಲ್ಲಿ ಮಾಡಿದ ಕೆಲಸಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಹಳೆಯ ಹೆಸರುಗಳಿವೆ. ಇದ್ದಾಗ ಇರುವುದು ಅನ್ವಯ, ಇಲ್ಲದಾಗ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗಲೇ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಕಾರ್ಯಕಾರಣದ ಮಾತಾಡುತ್ತಾರೆ. ಮಡಕೆಯ ಬಗ್ಗೆ ಅವರ ಚರ್ಚೆ ಪ್ರಸಿದ್ಧ. ಕುಂಬಾರನ ಮಣ್ಣು ಹೊತ್ತು ತಂದ ಕತ್ತೆ, ಮಡಕೆ ಹುಟ್ಟುವ ಮುಂಚೆ ಅಲ್ಲೇ ಇತ್ತು. ಹಾಗೆಂದು ಅದು ಮಡಕೆಗೆ ಕಾರಣವಲ್ಲ. ಕತ್ತೆಯಿಲ್ಲದೆಯೂ ಮಡಕೆಗಳು ಆಗುತ್ತವೆ. ಅವರು ಅದನ್ನು ಅನ್ಯಥಾಸಿದ್ಧ ಎಂದು ಪಕ್ಕಕ್ಕಿಟ್ಟರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನುವವನಿಗೂ ಅವರ ಉತ್ತರವಿದೆ: ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯೂ ಬೇಕು. ಕಾಣದೆ ಸೇರಿಕೊಂಡ ಆ ಷರತ್ತೇ ಉಪಾಧಿ. ಡ್ರೈವರ್ ಹಾಕಿಸಿದ್ದರಿಂದ ಸದ್ದು ಹೋಯಿತು ಎನ್ನುವಾಗ, ಅಂಗಡಿಯ ಗೋಡೆಯ ಸಾಕೆಟ್ಟಿನಲ್ಲಿ ಸರಿಯಾದ ಅರ್ಥಿಂಗ್ ಇತ್ತು ಎಂಬ ಉಪಾಧಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮನೆಗೆ ತಂದ ಮೇಲೆ ಸದ್ದು ಮರಳಿದರೆ ಅಂಗಡಿಯವನನ್ನು ಬೈಯುತ್ತೇವೆ.

ಇದೇ ನ್ಯಾಯದರ್ಶನದಿಂದಲೇ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವೂ ಏಳುತ್ತದೆ. ಜ್ಞಾನ ಸರಿಯೋ ತಪ್ಪೋ ಎಂಬುದು ಫಲದಿಂದ ತಿಳಿಯುತ್ತದೆ ಎಂದು ಅವರು ಹೇಳುತ್ತಾರೆ. ನೀರು ಕಂಡಿತು, ಹೋದೆವು, ಕುಡಿದೆವು, ಬಾಯಾರಿಕೆ ತೀರಿತು; ಕಂಡದ್ದು ನೀರೇ ಎಂಬುದು ಸಿದ್ಧವಾಯಿತು. ಹಾಗಾದರೆ ಸದ್ದು ನಿಂತದ್ದೇ ನಮ್ಮ ತಿಳಿವಿಗೆ ಫಲದ ಮುದ್ರೆಯಲ್ಲವೇ? ಇದಕ್ಕೆ ಉತ್ತರ ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನಲ್ಲಿದೆ. ಬಾಯಾರಿದ ಪ್ರಯಾಣಿಕನೊಬ್ಬ ಬಿಸಿಲುಗುದುರೆಯನ್ನು ನೀರೆಂದು ತಿಳಿದು ಅತ್ತ ನಡೆಯುತ್ತಾನೆ. ಅಲ್ಲಿ ಬಂಡೆಯ ಮರೆಯಲ್ಲಿ ನಿಜವಾಗಿಯೂ ನೀರು ಸಿಗುತ್ತದೆ. ಫಲ ಸಿಕ್ಕಿತು, ನಂಬಿಕೆಯೂ ನಿಜವಾಯಿತು, ಆದರೂ ಅವನು ನೀರನ್ನು ಕಂಡಿರಲಿಲ್ಲ. ಪಶ್ಚಿಮದ ತತ್ತ್ವಶಾಸ್ತ್ರದಲ್ಲಿ ಇಂಥದೇ ತೊಡಕನ್ನು ಎಡ್ಮಂಡ್ ಗೆಟಿಯರ್ 1963ರಲ್ಲಿ ಮುಂದಿಟ್ಟಾಗ ದೊಡ್ಡ ಚರ್ಚೆಯೇ ನಡೆಯಿತು. ರೀಸ್ಟಾರ್ಟ್ ಮಾಡಿ ಸದ್ದು ನಿಲ್ಲಿಸಿದವನು ಆ ಪ್ರಯಾಣಿಕನ ಜೊತೆಗಾರ. ಬಾಯಾರಿಕೆ ತೀರಿದ್ದು ಸುಳ್ಳಲ್ಲ; ಆದರೆ ಮುಂದಿನ ಸಲವೂ ಬಿಸಿಲುಗುದುರೆಯ ಹಿಂದೆಯೇ ಹೋದರೆ ನೀರು ಸಿಗುವ ಭರವಸೆಯಿಲ್ಲ.

ಬಳಸುವವನಿಗೆ ಇದೆಲ್ಲ ಯಾಕೆ, ಸದ್ದು ನಿಂತರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಬಹಳಷ್ಟು ಸಲ ಸಾಲುತ್ತದೆ, ನಿಜ. ಹಾಡು ಕೇಳಬೇಕೆಂದವನು ಪ್ರಮಾಣಶಾಸ್ತ್ರ ಓದಬೇಕಾಗಿಲ್ಲ. ಆದರೆ ಗುಂಯ್ ಎನ್ನುವ ಸದ್ದನ್ನು ನಿಲ್ಲಿಸುವ ಇನ್ನೊಂದು ಉಪಾಯವೂ ಚಾಲ್ತಿಯಲ್ಲಿದೆ: ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವುದು, ಇಲ್ಲವೇ ಎರಡು ಪಿನ್ನಿನ ಅಡಾಪ್ಟರ್ ಹಾಕುವುದು. ಅರ್ಥಿಂಗ್ ತಪ್ಪಿದರೆ ಎರಡು ಅರ್ಥಿಂಗ್‌ಗಳ ನಡುವೆ ಕರೆಂಟ್ ಹರಿಯುವ ಸುತ್ತುದಾರಿ ತುಂಡಾಗುತ್ತದೆ, ಸದ್ದು ಒಮ್ಮೆಲೇ ನಿಲ್ಲುತ್ತದೆ. ಒಂದು ದಿನ ಒಳಗಿನ ಇನ್ಸುಲೇಷನ್ ಕೆಟ್ಟು ಫೇಸ್ ತಂತಿ ಪೆಟ್ಟಿಗೆಗೆ ತಾಗಿದರೆ, 230 ವೋಲ್ಟ್ ಭೂಮಿಗೆ ಹೋಗಲು ಮುಟ್ಟಿದವನ ಮೈಯೇ ದಾರಿ. ಅರ್ಥಿಂಗ್ ಹಾಗೇ ಇಟ್ಟು ಧ್ವನಿಯ ತಂತಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅಷ್ಟೇ ನಿಶ್ಶಬ್ದವಾಗುತ್ತದೆ. ಕಿವಿಗೆ ಎರಡೂ ಒಂದೇ. ಒಂದರಲ್ಲಿ ಜೀವ ಉಳಿಯುತ್ತದೆ, ಇನ್ನೊಂದರಲ್ಲಿ ಹೋಗಬಹುದು. ಈ ವ್ಯತ್ಯಾಸ ಫಲದಲ್ಲಿ ಕಾಣುವುದಿಲ್ಲ, ಕಾರಣ ತಿಳಿದವನಿಗೆ ಮಾತ್ರ ಕಾಣುತ್ತದೆ. ಕಾರಣದ ಅರಿವು ಪಂಡಿತರ ಚಪಲವಲ್ಲ ಎಂಬುದಕ್ಕೆ ಇಷ್ಟು ಸಾಕು.

ಮತ್ತೊಂದು ಆಕ್ಷೇಪ ಇನ್ನೂ ಆಳದ್ದು. ಸದ್ದಿಗೆ ಚಾರ್ಜರ್ ಕಾರಣ, ಚಾರ್ಜರ್ ಕೆಡಲು ಕೆಪಾಸಿಟರ್ ಕಾರಣ, ಕೆಪಾಸಿಟರ್ ಕೆಡಲು ಕಾವು ಕಾರಣ, ಎಲ್ಲಿಗೆ ನಿಲ್ಲಿಸುವುದು? ಒಂದು ಪರೀಕ್ಷೆ ಸರಿಯೆಂದು ತಿಳಿಯಲು ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಬೇಕಾದರೆ ಅನವಸ್ಥೆ ಬರುತ್ತದೆ. ವಿಜಯನಗರದ ಕಾಲದಲ್ಲಿ ದ್ವೈತ ಮತದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಎದುರಿಸಿದ್ದು ಇಂಥ ಪ್ರಶ್ನೆಗಳನ್ನೇ ಹಿಡಿದು. ದ್ವೈತದ ಉತ್ತರ ನನಗೆ ಇಲ್ಲಿ ಬಹಳ ಉಪಯುಕ್ತವಾಗಿ ಕಾಣುತ್ತದೆ. ಅವರ ಪ್ರಕಾರ ಜ್ಞಾನಕ್ಕೆ ಪ್ರಾಮಾಣ್ಯ ಸ್ವತಃ ಇದೆ. ಸಂಶಯ ಹುಟ್ಟಿದಲ್ಲಿ ಪರೀಕ್ಷೆ ಬೇಕು, ಸಂಶಯ ತೀರಿದಲ್ಲಿ ಸಾಕ್ಷಿಯ, ಅಂದರೆ ಆತ್ಮದ ಒಳಅರಿವಿನ, ಬಳಿ ಪರೀಕ್ಷೆ ನಿಲ್ಲುತ್ತದೆ. ಅಂದರೆ ಲೋಕದ ಎಲ್ಲವನ್ನೂ ಅನುಮಾನಿಸುತ್ತ ಕೂರಬೇಕಿಲ್ಲ. ಸಂಶಯ ಎದ್ದಿರುವ ಕಡೆ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವಂತಿಲ್ಲ, ಅಷ್ಟೇ. ಚಾರ್ಜರನ್ನು ಸಿಕ್ಕಿಸಿದಾಗಲೆಲ್ಲ ಸದ್ದು ಬಂದು, ಬೇರೊಂದು ಚಾರ್ಜರಿನಲ್ಲಿ ಬರದಿದ್ದರೆ ಮನೆಯ ಮಟ್ಟಿಗೆ ಸಂಶಯ ತೀರಿತು. ಕೆಪಾಸಿಟರಿನ ಚಿಂತೆ ಅದನ್ನು ಬಿಚ್ಚುವವನಿಗಿರಲಿ.

ಇನ್ನು ಹರಕೆಯ ವಿಚಾರ. ಭಕ್ತರು ಹೇಳಬಹುದು: ನಿನ್ನ ಪರೀಕ್ಷೆ ಸ್ಪೀಕರಿಗೆ ಸರಿ, ಇಳಿದ ಜ್ವರವನ್ನು ಮರಳಿ ತರಿಸಿ ನೋಡಲಾದೀತೇ? ಆಗದು. ಆದರೆ ಒಬ್ಬನಲ್ಲಿ ಮಾಡಲಾಗದ ವ್ಯತಿರೇಕವನ್ನು ಹಲವರಲ್ಲಿ ಹುಡುಕಬಹುದು: ಹರಕೆ ಹೊತ್ತೂ ಗುಣವಾಗದವರು, ಹೊರದೆಯೂ ಗುಣವಾದವರು. ಅವರನ್ನು ಎಣಿಕೆಗೆ ತಾರದೆ ಗುಣವಾದ ಭಕ್ತರನ್ನಷ್ಟೇ ಲೆಕ್ಕ ಹಾಕಿದರೆ ಕುಂಬಾರನ ಕತ್ತೆಗೂ ಪೂಜೆ ಸಲ್ಲುತ್ತದೆ. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ದೇವರ ವಿಷಯದಲ್ಲಿ ಪರೀಕ್ಷೆಯ ಮಾತೇ ಸಲ್ಲದು ಎಂದು ಆಗ ಅನೇಕರಿಗೆ ಅನ್ನಿಸಿತು. ಆದರೆ ಪವಾಡವನ್ನು ಪ್ರಮಾಣವಾಗಿ ಮುಂದಿಟ್ಟವರು ಯಾರು? ಇದಕ್ಕೆ ಇದೇ ಕಾರಣ ಎಂದು ಹೇಳಿದ ಕ್ಷಣವೇ ಆ ಮಾತು ಪರೀಕ್ಷೆಯ ಅಂಗಳಕ್ಕೆ ಇಳಿದಿದೆ. ಇಳಿದ ಮೇಲೆ ಅಂಗಳದ ನಿಯಮ ಒಪ್ಪುವುದಿಲ್ಲ ಎನ್ನುವಂತಿಲ್ಲ.

ಇದರಿಂದ ದೇವರಿಲ್ಲ ಎಂದು ಸಿದ್ಧವಾಗುವುದಿಲ್ಲ, ಪ್ರಾರ್ಥನೆ ವ್ಯರ್ಥ ಎಂದೂ ಆಗುವುದಿಲ್ಲ. ಆಯುಧಪೂಜೆಯ ದಿನ ಮಾನಿಟರಿಗೆ ಕುಂಕುಮವಿಟ್ಟು ಹೂ ಮುಡಿಸುವವರು ಅದರಿಂದ ಸೌಂಡ್ ಕಾರ್ಡ್ ಸರಿಹೋಗುತ್ತದೆಂದು ಎಣಿಸುವುದಿಲ್ಲ. ಅನ್ನ ಕೊಡುವ ಸಾಧನಕ್ಕೆ ಗೌರವ ಸಲ್ಲಿಸುತ್ತಾರೆ. ಆ ಗೌರವಕ್ಕೆ ಫಲದ ರಸೀತಿ ಬೇಕಿಲ್ಲ, ಆದ್ದರಿಂದ ಯಾವ ಪರೀಕ್ಷೆಯೂ ಅದನ್ನು ಅಲುಗಿಸದು. ಪರೀಕ್ಷೆಗೆ ಹೆದರಬೇಕಾದದ್ದು ರಸೀತಿ ತೋರಿಸಿ ದೇವರನ್ನು ಸಾಧಿಸಹೊರಟ ನಂಬಿಕೆ ಮಾತ್ರ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಏನನ್ನೋ ಕಳಚಿದ ಮೇಲೆ ಸ್ಪೀಕರಿನ ಸದ್ದು ನಿಂತರೆ, ಕಳಚಿದ್ದನ್ನು ಒಮ್ಮೆ ಮತ್ತೆ ಸಿಕ್ಕಿಸಿ ನೋಡಿ. ಸದ್ದು ಮರಳಿ, ಮತ್ತೆ ಕಳಚಿದಾಗ ಮತ್ತೆ ನಿಂತರೆ ಕಾರಣ ಗೊತ್ತಾಯಿತು ಎನ್ನಿ. ಮರಳದಿದ್ದರೆ ಸದ್ದು ಹೋಯಿತು ಎಂದಷ್ಟೇ ಹೇಳಿ. ಮೂರನೆಯ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ.