ಹೊಸ ಬಾಗಿಲು, ಹಳೆಯ ಮನೆ

ಒಂದು ಕಲೆಯನ್ನು ಅದರ ಮೂಲದಿಂದಲೇ ಪ್ರೀತಿಸಬೇಕೇ? ಅನುಕರಣೆಯ ದಾರಿಯಿಂದ ಬಂದವನ ಪ್ರೀತಿ ಕೀಳು ದರ್ಜೆಯದೇ? ಮೇಲ್ನೋಟಕ್ಕೆ ಇದು ಅಭಿರುಚಿಯ ಪ್ರಶ್ನೆ. ಆದರೆ ಸ್ವಲ್ಪ ಆಳಕ್ಕಿಳಿದರೆ ಇದು ನೀತಿಯ ಪ್ರಶ್ನೆಯೂ ಹೌದು. ಏಕೆಂದರೆ ಇಲ್ಲಿ ಋಣದ ಮಾತಿದೆ. ಯಾರಿಂದ ಪಡೆದೆವು, ಪಡೆದದ್ದನ್ನು ಏನು ಮಾಡಿದೆವು ಎಂಬ ಲೆಕ್ಕವಿದೆ.

ದೂರದ ಒಂದು ಉದಾಹರಣೆಯಿಂದ ಆರಂಭಿಸೋಣ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತ ಪ್ರಕಾರ ಬೆಳೆಯಿತು. ಮೂರು ನಿಮಿಷದ ಹಾಡಿನ ಚೌಕಟ್ಟು ಅದಕ್ಕೆ ಸಾಲಲಿಲ್ಲ. 1972ರಲ್ಲಿ ಜೆನೆಸಿಸ್ ತಂಡ ಸುಮಾರು 23 ನಿಮಿಷಗಳ ಒಂದೇ ಹಾಡನ್ನು ಕೊಟ್ಟಿತು. ಅದೇ ವರ್ಷ ಜೆಥ್ರೋ ಟಲ್ ತಂಡ ಧ್ವನಿಮುದ್ರಿಕೆಯ ಎರಡೂ ಬದಿಗೆ ಒಂದೇ ಹಾಡನ್ನು ತುಂಬಿಸಿತು. ಆದರೆ 1976-77ರ ಹೊತ್ತಿಗೆ ಪಂಕ್ ಸಂಗೀತದ ಯುವಕರು ಇದನ್ನೆಲ್ಲ ಆಡಂಬರವೆಂದು ನಕ್ಕರು. ಉದ್ದದ ಹಾಡು ಹಳೆಯ ಕಾಲದ್ದಾಯಿತು.

ಆಮೇಲೆ ಬಂದದ್ದು ನಿಯೊ-ಪ್ರೋಗ್. ಅದರ ಮುಂಚೂಣಿಯಲ್ಲಿದ್ದ ಮರಿಲಿಯನ್ ತಂಡ 1983ರಲ್ಲಿ ಮೊದಲ ಆಲ್ಬಮ್ ಹೊರತಂದಾಗ, ಇವರು ಜೆನೆಸಿಸ್‌ನ ನಕಲು ಎಂದು ವಿಮರ್ಶಕರು ಟೀಕಿಸಿದರು. ಆದರೆ 1985ರ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಳೆದುಹೋದ ಪ್ರೇಮ, ಕೈತಪ್ಪಿದ ಬಾಲ್ಯ ಅದರ ವಸ್ತು. ಸ್ಟೀವ್ ರಾಥರಿಯ ಗಿಟಾರು ಸ್ವರಗಳನ್ನು ಮಳೆಯಂತೆ ಸುರಿಸುವುದಿಲ್ಲ. ಒಂದೊಂದು ಸ್ವರವನ್ನೂ ಎಳೆದು, ನಿಲ್ಲಿಸಿ, ಮಾತನಾಡಿಸುತ್ತದೆ. ಆಲ್ಬಮ್ಮಿನ 'ಕೇಲೀ' ಎಂಬ ಹಾಡು ಬಿಡಿಯಾಗಿ ಬಿಡುಗಡೆಯಾಗಿ ಎರಡನೇ ಸ್ಥಾನ ತಲುಪಿತು. ಅದನ್ನು ಕೇಳಿ ಆಲ್ಬಮ್ ಹುಡುಕಿದವರಿಗೆ ಗೊತ್ತಾದದ್ದೇನು? ಹಾಡು ಅಲ್ಲಿ ಮುಗಿಯುವುದೇ ಇಲ್ಲ. ಒಂದು ಹಾಡು ಇನ್ನೊಂದಕ್ಕೆ ಕೂಡಿಕೊಂಡು ಇಡೀ ಬದಿ ಒಂದೇ ಕಥೆಯಾಗಿ ಹರಿಯುತ್ತದೆ. ಅಲ್ಲಿಂದ ಹಿಂದೆ ಹಿಂದೆ ನಡೆದು 1972ರ ಬಾಗಿಲು ತಟ್ಟಿದ ಕೇಳುಗರು ಎಷ್ಟೋ ಮಂದಿ. 'ನಕಲು' ಎನಿಸಿಕೊಂಡದ್ದೇ ಮೂಲದ ದಾರಿ ತೋರಿಸಿತು.

ಈ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಕುದೇರಿನ ಕಡೆಗೆ ಬರೋಣ. ಇಂದು ಕುದೇರು ಎಂದರೆ ಅನೇಕರಿಗೆ ನೆನಪಾಗುವುದು ಚಾಮುಲ್ ಹಾಲಿನ ಘಟಕ. ಆದರೆ ಈ ಊರಿರುವ ಚಾಮರಾಜನಗರ ಜಿಲ್ಲೆ ಎರಡು ದೊಡ್ಡ ಮೌಖಿಕ ಕಾವ್ಯಗಳ ಸೀಮೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದೇಶ್ವರನ ಕಥೆ ಹಾಡುತ್ತಾರೆ. ಮಾದೇಶ್ವರನ ಕಾವ್ಯದಲ್ಲಿ ಒಂದೊಂದು ಭಾಗಕ್ಕೆ 'ಸಾಲು' ಎಂದು ಹೆಸರು. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಹಾಡಲು ಕುಳಿತರೆ ರಾತ್ರಿ ಬೆಳಗಾಗುತ್ತದೆ. ಜೆಥ್ರೋ ಟಲ್‌ನ ನಲವತ್ತು ಚಿಲ್ಲರೆ ನಿಮಿಷ ಇದರ ಮುಂದೆ ಯಾವ ಲೆಕ್ಕ?

ಈ ಕಾವ್ಯದ ಹೊರಗಿರುವ ಎಷ್ಟೋ ಕನ್ನಡಿಗರಿಗೆ, ಅವರಲ್ಲಿ ನಾವೂ ಇದ್ದೇವೆ, ಇದರ ದನಿ ತಲುಪಿದ್ದು ಸಿನಿಮಾದಿಂದ. ಟಿ.ಎಸ್. ನಾಗಾಭರಣರ 'ಜನುಮದ ಜೋಡಿ' 1996ರಲ್ಲಿ ತೆರೆಗೆ ಬಂತು. ಕಥೆ ಗುಜರಾತಿ ಲೇಖಕ ಪನ್ನಾಲಾಲ್ ಪಟೇಲರ ಕಾದಂಬರಿಯದು. ಸಂಗೀತ ವಿ. ಮನೋಹರ್ ಅವರದು. ಅದರೊಳಗೆ ಮಾದಪ್ಪನ 'ಕೋಲುಮಂಡೆ' ಹಾಡು ಸೇರಿತು. ಎಲ್ಲಿಯ ಗುಜರಾತು, ಎಲ್ಲಿಯ ಮಾದಪ್ಪನ ಬೆಟ್ಟ! ಆದರೂ ಆ ಹಾಡು ಕ್ಯಾಸೆಟ್ಟುಗಳಲ್ಲಿ ಕೂತು, ಬಸ್ಸು ಹತ್ತಿ, ಬೆಟ್ಟವನ್ನೇ ಕಾಣದವರ ಮನೆಯೊಳಗೂ ಬಂತು. ಅದನ್ನು ಕೇಳಿ ಕಂಸಾಳೆಯವರನ್ನು ಹುಡುಕಿಕೊಂಡು ಹೋದವನನ್ನು 'ಸಿನಿಮಾ ಜಾನಪದದವನು' ಎಂದು ಹಳಿಯುವುದರಲ್ಲಿ ಅರ್ಥವಿದೆಯೇ?

ಆದರೆ ಬಾಗಿಲಲ್ಲೇ ನಿಂತವನ ವಿಷಯ ಬೇರೆ. ಆ ಹಾಡಿನಲ್ಲಿರುವುದು ಭಿಕ್ಷೆಗೆ ಬಂದ ಜಂಗಮ. ಸಂಕಮ್ಮನ ಸಾಲಿನಲ್ಲೂ ಮಾದೇಶ್ವರ ಜಂಗಮನಾಗಿಯೇ ಅವಳ ಗುಡಿಸಲ ಬಳಿಗೆ ಬರುತ್ತಾನೆ. ಯಾವ ಸ್ಥಿತಿಯಲ್ಲಿದ್ದ ಗುಡಿಸಲದು? ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಶೀಲವನ್ನು ಶಂಕಿಸಿ ಆಣೆ ಕೇಳುತ್ತಾನೆ. ತಪ್ಪು ಮಾಡದವಳು ಆಣೆ ಏಕಿಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸಿಸಿ, ಅವಳನ್ನು ಗುಡಿಸಲಲ್ಲಿ ಕೂಡಿಹಾಕಿ ಹೋಗುತ್ತಾನೆ. ಜಂಗಮ ಬರುವುದು ಆ ನೋವಿನ ಬಾಗಿಲಿಗೆ. ಸಾಲನ್ನು ಪೂರ್ತಿ ಕೇಳಿದವನಿಗೆ ಮಾತ್ರ ಆ ಭಿಕ್ಷೆಯ ಅರ್ಥ ತಿಳಿಯುತ್ತದೆ. ಹಾಗಾದರೆ ಉದ್ದವೆಂಬುದು ಆಡಂಬರವಲ್ಲ. ಒಬ್ಬ ಹೆಣ್ಣಿನ ಸಂಕಟವನ್ನು ಅರ್ಥಮಾಡಿಕೊಳ್ಳಲು ಬೇಕಾದ ಸಮಯವದು.

ಆ ಸಮಯ ಕೊಡದಿದ್ದರೆ ಏನಾಗುತ್ತದೆ? 2020ರ ಆಗಸ್ಟಿನಲ್ಲಿ ಇದೇ ಹಾಡಿನ ರ‍್ಯಾಪ್ ವಿಡಿಯೊ ಒಂದು ಬಂತು. ಶರಣೆ ಸಂಕಮ್ಮನನ್ನು ಅಶ್ಲೀಲವಾಗಿ ಚಿತ್ರಿಸಲಾಗಿದೆ ಎಂದು ಮಾದಪ್ಪನ ಭಕ್ತರು ನೊಂದು ಪ್ರತಿಭಟಿಸಿದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೊ ತೆಗೆದುಹಾಕಲಾಯಿತು. ರ‍್ಯಾಪ್ ಎಂಬುದೇ ತಪ್ಪಲ್ಲ. ಹೊಸ ಕಾಲ ಹೊಸ ವಾದ್ಯ ಹಿಡಿಯುತ್ತದೆ, ಹಿಡಿಯಲಿ. ಧಾಟಿಯನ್ನು ಎತ್ತಿಕೊಂಡು ಸಂಕಮ್ಮನನ್ನು ಹಿಂದೆಯೇ ಬಿಟ್ಟುಬಂದದ್ದು ತಪ್ಪು. ಶಂಕೆಯ ಕಣ್ಣಿಗೆ ತಲೆಬಾಗದ ಹೆಣ್ಣನ್ನು ಮತ್ತೆ ಅಂಥದೇ ಕಣ್ಣುಗಳ ಮುಂದೆ ತಂದು ನಿಲ್ಲಿಸಿದರೆ ನೋವಾಗದೇ ಇರುತ್ತದೆಯೇ?

ಇಲ್ಲಿ ನಮಗೆ ಒಂದು ಅಳತೆಗೋಲು ಸಿಗುತ್ತದೆ. ಅನುಕರಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾರೆ ಹೇಳಲಾಗದು. ಅದು ನಮ್ಮನ್ನು ಮೂಲದ ಕಡೆಗೆ ಕಳುಹಿಸುತ್ತದೆಯೇ, ಇಲ್ಲ ಮೂಲವನ್ನು ಮರೆಸುತ್ತದೆಯೇ ಎಂದು ಕೇಳಬೇಕು. ಕಳುಹಿಸುವುದಾದರೆ ಅದು ಸೇವೆ. ಮರೆಸಿ ಲಾಭವನ್ನಷ್ಟೇ ಎತ್ತಿಕೊಳ್ಳುವುದಾದರೆ ಅದಕ್ಕೆ ಬೇರೆ ಹೆಸರಿದೆ.

ಹೊಣೆ ಕಲಾವಿದನೊಬ್ಬನದೇ ಅಲ್ಲ, ಕೇಳುಗರದೂ ಇದೆ. ಮೂಲ ಬಲ್ಲವರು ಹೊಸಬನನ್ನು ಹೊಸಿಲಲ್ಲೇ ಅವಮಾನಿಸಿ ಕಳುಹಿಸಿದರೆ, ಕೊನೆಗೆ ಮನೆ ಖಾಲಿಯಾಗುತ್ತದೆ. ತಂಬೂರಿ ಹಿಡಿಯಲು ಹುಡುಗರಿಲ್ಲ ಎಂದು ಕೊರಗುವವರೂ ಅವರೇ! ಹೊಸಬನಾದರೋ, ಹಾಡಿನ ತುಣುಕನ್ನು ಮೊಬೈಲಿನಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಸಂಸ್ಕೃತಿ ತನ್ನದಾಯಿತೆಂದು ಭಾವಿಸಬಾರದು. ಒಂದು ರಾತ್ರಿಯಾದರೂ ಚಾಪೆಯ ಮೇಲೆ ಕುಳಿತು, ನಿದ್ದೆಗೆಟ್ಟು, ಒಂದು ಸಾಲನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ಹಾಡಿದವರ ಹೆಸರನ್ನು ಕೇಳಿ ತಿಳಿಯಬೇಕು, ಅವರ ಕೈಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು.

ಮನುಷ್ಯರ ವಿಷಯದಲ್ಲೂ ನಾವು ಹೀಗೆಯೇ ಅಲ್ಲವೇ? ಪಕ್ಕದ ಕೇರಿಯವರ ಬಗ್ಗೆ, ಇನ್ನೊಂದು ಸಮುದಾಯದವರ ಬಗ್ಗೆ ಮೂರು ನಿಮಿಷದ ತುಣುಕು ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ. ಅವರ ಸಾಲನ್ನು ಕೊನೆಯವರೆಗೆ ಕೇಳುವ ತಾಳ್ಮೆ ನಮಗೆ ಯಾವಾಗ ಬರುತ್ತದೆ?