ನೋಡುವವರ ಪಾಲು

ನಾಟಕವನ್ನು ಪರದೆಯ ಮೇಲೆ ನೇರ ಪ್ರಸಾರದಲ್ಲಿ ನೋಡಿದರೂ ಅದು ರಂಗಭೂಮಿಯೇ ಎಂದು ವಾದಿಸುವವರು ಹೆಚ್ಚುತ್ತಿದ್ದಾರೆ. ಆಟ ನಡೆಯುತ್ತಿರುವ ಹೊತ್ತಿಗೇ ನೋಡುತ್ತಿದ್ದೇವೆ, ನಟನ ಮುಖವಂತೂ ಮುಂದಿನ ಸಾಲಿನಲ್ಲಿ ಕೂತವರಿಗಿಂತ ಚೆನ್ನಾಗಿ ಕಾಣುತ್ತದೆ, ಇನ್ನೇನು ಬೇಕು ಎಂದು ಕೇಳುತ್ತಾರೆ. ಒಂದೇ ಹೊತ್ತಿನಲ್ಲಿ ಇರುವುದು ಬೇರೆ, ಒಬ್ಬರಿಗೊಬ್ಬರು ಎದುರಾಗಿರುವುದು ಬೇರೆ. ಈ ವಾದದಲ್ಲಿ ಎರಡೂ ಕಲಸಿಹೋಗಿವೆ.

2009ರ ಜೂನ್‌ನಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಹೆಲೆನ್ ಮಿರೆನ್ ನಟಿಸಿದ ‘ಫೆಡ್ರ’ ನಾಟಕವನ್ನು ಚಿತ್ರಮಂದಿರಗಳಿಗೆ ನೇರವಾಗಿ ಬಿತ್ತರಿಸಿತು. ಬೇರೆ ಊರುಗಳಲ್ಲಿ ಕೂತವರು ಕಂಡದ್ದು ಆ ಕ್ಷಣದ ನಟನೆಯನ್ನೇ. ಆದರೆ ಅವರು ಉಸಿರು ಬಿಗಿಹಿಡಿದರೂ ಬೇಸತ್ತು ಎದ್ದುಹೋದರೂ ಅದು ನಟಿಗೆ ಮುಟ್ಟುವಂತಿರಲಿಲ್ಲ. ಹೊತ್ತು ಒಂದೇ ಆಗಿತ್ತು, ಸಂಬಂಧ ಮಾತ್ರ ಏಕಮುಖವಾಗಿತ್ತು.

ಎದುರಾಗಿರುವುದರಿಂದ ಏನಾಗುತ್ತದೆ ಎಂಬುದು ಯಕ್ಷಗಾನದಲ್ಲಿ ಇನ್ನೂ ಸ್ಪಷ್ಟ. ಪ್ರಸಂಗದಲ್ಲಿ ಬರೆದಿರುವುದು ಬಹುಮಟ್ಟಿಗೆ ಪದ್ಯ. ಮಾತನ್ನು ವೇಷಧಾರಿ ರಂಗದ ಮೇಲೆಯೇ ಕಟ್ಟುತ್ತಾನೆ. ಸಭೆ ಬಿಸಿಯಾದರೆ ಅವನ ಕುಣಿತ ಬೆಳೆಯುತ್ತದೆ, ಅದನ್ನು ಗಮನಿಸಿದ ಭಾಗವತರು ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಚೆಂಡೆ ಅವರ ಹಿಂದೆಯೇ ಏರುತ್ತದೆ. ಸಭೆ ತಣ್ಣಗಿದ್ದರೆ ಪದ್ಯ ಬೇಗ ಮುಗಿಯುತ್ತದೆ. ಅಂದರೆ ಆ ರಾತ್ರಿಯ ಆಟ ಹಾಗೆ ನಡೆದದ್ದಕ್ಕೆ ನೋಡುವವರೂ ಒಂದು ಕಾರಣ. ಬರೆದ ಮಾತನ್ನೇ ಆಡುವ ನಾಟಕದಲ್ಲೂ ನಗು ಇಳಿಯುವ ತನಕ ನಟ ಕಾಯುತ್ತಾನೆ. ಪಾಲು ಚಿಕ್ಕದಾದರೂ ಇದ್ದೇ ಇದೆ.

ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಹೆಸರು ಬಂದಾಗಲೆಲ್ಲ ಮೂಲ ಕಲಾಕೃತಿಗಷ್ಟೇ ಇರುವ ‘ಪ್ರಭಾವಳಿ’ಯದೇ ಮಾತು. ಚಿತ್ರನಟ ಅಭಿನಯಿಸುತ್ತಿರುವಾಗ ಪ್ರೇಕ್ಷಕರಿಗೆ ಹೊಂದಿಕೊಳ್ಳಲಾರ ಎಂದು ಆ ‘ಪ್ರಭಾವಳಿ’ಯ ಮಾತು ಬರುವ ಪ್ರಬಂಧದಲ್ಲೇ ಅವನು ಗುರುತಿಸಿದ್ದು ನನಗೆ ಅದಕ್ಕಿಂತ ದೊಡ್ಡದು. ಪ್ರದರ್ಶನ ಕಲೆಗಳ ವಿದ್ವಾಂಸ ಫಿಲಿಪ್ ಆಸ್ಲಂಡರ್ ಮಾತ್ರ 1999ರ ತನ್ನ ಪುಸ್ತಕದಲ್ಲಿ, ಧ್ವನಿ-ದೃಶ್ಯಗಳನ್ನು ಮುದ್ರಿಸಿಕೊಳ್ಳುವ ತಂತ್ರಜ್ಞಾನ ಬಂದ ಮೇಲೆಯೇ ‘ಜೀವಂತ ಪ್ರದರ್ಶನ’ ಎಂಬ ವರ್ಗ ಹುಟ್ಟಿತು, ಜೀವಂತ ಪ್ರದರ್ಶನಕ್ಕೂ ಮಾಧ್ಯಮದ ಮೂಲಕ ಬರುವ ಪ್ರದರ್ಶನಕ್ಕೂ ಮೂಲಭೂತ ಭೇದವಿಲ್ಲ ಎನ್ನುತ್ತಾನೆ. ಮೊದಲ ಮಾತು ಸರಿ, ಎರಡನೆಯದು ಅದರಿಂದ ಹೊರಡುವುದಿಲ್ಲ. ಭೇದವನ್ನು ಗುರುತಿಸುವ ಅಗತ್ಯ ತಡವಾಗಿ ಬಂದಿರಬಹುದು, ಅಷ್ಟರಿಂದ ಭೇದ ಸುಳ್ಳಾಗದು. ತರ್ಕದ ಜಾಣತನಕ್ಕಾಗಿ ಸಭೆಯನ್ನೇ ಬಿಟ್ಟುಕೊಡುವ ಇಂಥ ಸಿದ್ಧಾಂತ ನನಗೆ ಒಪ್ಪಿಗೆಯಿಲ್ಲ.

ಹಾಗಿದ್ದರೂ ದೃಶ್ಯಮುದ್ರಿಕೆಗೆ ಅದರದೇ ಬೆಲೆಯಿದೆ. ಗತಿಸಿದ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರ ಅಭಿನಯವನ್ನು ಇಂದು ಹೊಸದಾಗಿ ಕಾಣಬೇಕೆಂದರೆ ಅದೊಂದೇ ದಾರಿ. ಆದರೆ ಕಲಿಸುವವರು ಇಂಥ ಮುದ್ರಿಕೆಗಳನ್ನು ತೋರಿಸುವಾಗ ಹೆಜ್ಜೆ, ಹಾವಭಾವಗಳ ಜೊತೆಗೆ ಹಿನ್ನೆಲೆಯಲ್ಲಿ ಕೇಳುವ ಚಪ್ಪಾಳೆಯ ಕಡೆಗೂ ಹುಡುಗರ ಗಮನ ಸೆಳೆಯಬೇಕು. ಕುಣಿತ ಅಷ್ಟು ಉದ್ದವಾದದ್ದು ಅದರಿಂದಲೂ ಇರಬಹುದು.