ಬಾಗುವ ಬೈಕು, ಬಾಗದ ಟೈರು

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ಊರಾಚೆಯ ಒಂದು ಮನೆ. ಗ್ಯಾರೇಜಿನಲ್ಲಿ ಹೋಂಡಾ ಗೋಲ್ಡ್ ವಿಂಗ್ ಜಿಎಲ್ 1800 ನಿಂತಿದೆ. ಆರು ಸಿಲಿಂಡರಿನ, ಸುಮಾರು 400 ಕಿಲೋ ತೂಕದ ಗಾಡಿ. ಮುಂದಿನ ಚಕ್ರಕ್ಕೆ ಬೈಕಿನ ಟೈರು, ಹಿಂದಿನದಕ್ಕೆ ಕಾರಿನ ಟೈರು. ಅಮೆರಿಕದ ದೂರಪ್ರಯಾಣದ ಸವಾರರಲ್ಲಿ ಹೀಗೆ ಮಾಡುವವರ ಒಂದು ಪಂಗಡವೇ ಇದೆ. ಡಾರ್ಕ್‌ಸೈಡರ್‌ಗಳು ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಟೈರ್ ಕಂಪನಿಗಳು ಇದು ಕೂಡದು ಎನ್ನುತ್ತವೆ. ಇಲ್ಲಿ ಮಾತಾಡುವವರು ಮೂವರು: ಮೈಸೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದ ಮೇಲೆ ತರ್ಕಶಾಸ್ತ್ರ ಓದಲು ಕೂತ ಮಾವ, ಅವರ ಸೋದರಳಿಯ, ಅಳಿಯನ ಹೆಂಡತಿ.

ಮಾವ: ಇದೇನೋ, ಹಿಂದಿನ ಟೈರು ಕಾರಿನದು ಇದ್ದ ಹಾಗಿದೆ?

ಅಳಿಯ: ಕಾರಿನದೇ ಮಾವ. ಕಂಪನಿ ಹೇಳೋದು 180/60 ಆರ್ 16. ನಾನು ಹಾಕಿರೋದು 195/55 ಆರ್ 16, ಗಾಳಿ ಹೋದರೂ ಸ್ವಲ್ಪ ದೂರ ಓಡೋ ರನ್‌ಫ್ಲಾಟ್. ಲೆಕ್ಕ ಹಾಕಿ ನೋಡಿ, ಪಕ್ಕೆಯ ಎತ್ತರ ಅಲ್ಲಿ 108 ಮಿಲಿಮೀಟರ್, ಇಲ್ಲಿ 107. ಚಕ್ರದ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳೀತು. ಬೈಕ್ ಟೈರು ಹತ್ತು ಹನ್ನೆರಡು ಸಾವಿರ ಮೈಲಿಗೆ ಮುಗಿದುಹೋಗತ್ತೆ. ಇದು ಅದರ ಎರಡು ಮೂರು ಪಟ್ಟು ಬರತ್ತೆ.

ಮಾವ: ದುಡ್ಡು ಉಳಿಸೋಕಾ?

ಅಳಿಯ: ದುಡ್ಡೂ ಹೌದು, ದೂರವೂ ಹೌದು. ಇಲ್ಲಿ ಅಯರ್ನ್ ಬಟ್ ಅಸೋಸಿಯೇಷನ್ ಅಂತ ಒಂದಿದೆ. 24 ಗಂಟೆಯಲ್ಲಿ 1000 ಮೈಲಿ, ಅಂದರೆ ಸುಮಾರು 1600 ಕಿಲೋಮೀಟರ್ ಓಡಿಸಿದರೆ ಸರ್ಟಿಫಿಕೇಟ್ ಕೊಡತ್ತೆ. ಅವರ ದೊಡ್ಡ ರ‍್ಯಾಲಿ 11 ದಿನದ್ದು. ಅಂಥ ಓಟದ ನಡುವೆ, ಯಾವುದೋ ಊರಲ್ಲಿ, ಭಾನುವಾರ, ಟೈರಿನ ದಾರ ಕಾಣಿಸಿಕೊಂಡರೆ ಏನು ಮಾಡೋದು? ಇನ್ನು ಭಾರ. ಬೈಕ್ ಟೈರಿನ ಲೋಡ್ ಇಂಡೆಕ್ಸ್ 74, ಅಂದರೆ 375 ಕಿಲೋ. ಇದರದು 87, 545 ಕಿಲೋ. ಇಬ್ಬರು ಕೂತು ಪೆಟ್ಟಿಗೆ ತುಂಬಿಸಿದರೂ ಇದಕ್ಕೆ ಹೊರೆ ಅನ್ನಿಸೋಲ್ಲ.

ಮಾವ: ಭಾರದ ವಿಷಯದಲ್ಲಿ ನೀನು ಹೇಳೋದು ಸರಿ. ಹೊರೆ ಕಡಿಮೆ ಇದ್ದಷ್ಟು ಬಿಸಿಯೂ ಕಡಿಮೆ. ನೇರ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಅಗಲವಾಗಿ ನೆಲ ಹಿಡಿಯೋದೂ ಲಾಭವೇ. ಸರಿ, ತಿರುವಿನಲ್ಲಿ?

ಅಳಿಯ: ತಿರುವಿನಲ್ಲೂ ಏನೂ ಆಗಿಲ್ಲ. ಲಕ್ಷಾಂತರ ಮೈಲಿ ಓಡಿಸಿದವರನ್ನ ನಾನು ಬಲ್ಲೆ. ಒಬ್ಬರೂ ಟೈರಿನ ದೆಸೆಯಿಂದ ಬಿದ್ದಿಲ್ಲ. ಇದಕ್ಕಿಂತ ಪ್ರಮಾಣ ಬೇಕಾ?

ಮಾವ: ಬೇಕು. ನ್ಯಾಯಶಾಸ್ತ್ರದವರು, ಅಂದರೆ ನೈಯಾಯಿಕರು, ಇದಕ್ಕೆ ಭೂಯೋದರ್ಶನ ಅಂತಾರೆ, ಮತ್ತೆ ಮತ್ತೆ ಕಂಡದ್ದು. ಮಣ್ಣಿನ ಜಾತಿಯ ವಸ್ತುವನ್ನೆಲ್ಲ ಕಬ್ಬಿಣದಿಂದ ಗೀರಬಹುದು ಅಂತ ನೂರು ಸಲ ಕಂಡಿರ್ತೀಯ. ಮಡಕೆ, ಕಲ್ಲು, ಇಟ್ಟಿಗೆ. ನೂರಾ ಒಂದನೆಯದು ವಜ್ರ ಆಗಿದ್ದರೆ ನಿಯಮ ಅಲ್ಲಿಗೆ ಮುರೀತು. ನೂರು ಸಲ ಕಂಡದ್ದು ಸುಳ್ಳಲ್ಲ, ಅದರ ಮೇಲೆ ನಿಲ್ಲಿಸಿದ ನಿಯಮ ಸುಳ್ಳು.

ಅಳಿಯ: ಹಾಗಂದ್ರೆ ಯಾವ ಅನುಭವವನ್ನೂ ನಂಬೋ ಹಾಗಿಲ್ಲ. ಇದು ಚಾರ್ವಾಕರ ಮಾತಾಯ್ತು.

ಮಾವ: ಚಾರ್ವಾಕರು ಅಲ್ಲಿಗೇ ನಿಂತುಬಿಟ್ಟರು. ನೈಯಾಯಿಕರು ಮುಂದಕ್ಕೆ ಹೋಗಿ ಉಪಾಧಿ ಹುಡುಕಿದರು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರತ್ತೆ ಅಂದರೆ ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಹೊಗೆ ಬರೋದಕ್ಕೆ ಹಸಿ ಸೌದೆ ಬೇಕು. ಅದು ಉಪಾಧಿ. ಕಾರಿನ ಟೈರು ಹಾಕಿದವರು ಬೀಳಲಿಲ್ಲ ಅಂತೀಯಲ್ಲ, ಆ ಮಾತಿನೊಳಗೆ ಅಡಗಿರೋ ಹಸಿ ಸೌದೆ ಯಾವುದು ಅಂತ ನೋಡಬೇಕು. ಆ ಟಾರ್ಚು ಇಲ್ಲಿ ಕೊಡು.

(ಮಾವ ಕುಕ್ಕರಗಾಲಲ್ಲಿ ಕೂತು ಟೈರಿನ ಅಂಚಿನುದ್ದಕ್ಕೂ ಬೆರಳಾಡಿಸಿದರು. ನಡುಭಾಗ ಸಮನಾಗಿ ಸವೆದಿತ್ತು. ಅಂಚಿನ ರಬ್ಬರ್ ಬ್ಲಾಕುಗಳು ಒಂದೇ ದಿಕ್ಕಿಗೆ ಸವೆದು ಗರಿಯ ಹಾಗೆ ಚೂಪಾಗಿದ್ದವು. ಅದರಾಚೆ, ಭುಜ ತಿರುಗುವ ಕಡೆ, ಅಚ್ಚಿನಿಂದ ಹೊರಬರುವಾಗ ಹೊಸ ಟೈರಿಗೆ ಅಂಟಿಕೊಂಡಿರುವ ರಬ್ಬರಿನ ಸಣ್ಣ ಎಳೆಗಳು ಇನ್ನೂ ನೆಟ್ಟಗೆ ನಿಂತಿದ್ದವು.)

ಮಾವ: ಈ ಎಳೆ ಮುಟ್ಟಿ ನೋಡು. ರಸ್ತೆ ಇಲ್ಲಿಗೆ ಬಂದೇ ಇಲ್ಲ. ನೀನು ಇಷ್ಟು ದಿನ ಪರೀಕ್ಷೆ ಮಾಡಿರೋದು ಇದರ ಈಚೆಯ ಭಾಗವನ್ನ.

ಅಳಿಯ: ಅಷ್ಟು ಬಾಗಿಸೋ ಅಗತ್ಯ ಬಿದ್ದಿಲ್ಲ ಮಾವ. ಐ-10 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಗಂಟೆಗೆ 80 ಮೈಲಿ ಮಿತಿ, ನೂರಾರು ಮೈಲಿ ಹ್ಯಾಂಡಲ್ ತಿರುಗಿಸೋ ಪ್ರಮೇಯವೇ ಬರೋಲ್ಲ.

ಮಾವ: ಅದೇ ನಿನ್ನ ಉಪಾಧಿ. ನೇರ ರಸ್ತೆ, ಒಣ ರಸ್ತೆ, ಹದವಾದ ಬಾಗು. ಅದಿದ್ದಾಗ ನಿನ್ನ ನಿಯಮ ನಿಲ್ಲತ್ತೆ. ಅದು ತಪ್ಪಿದ ದಿನ ಏನಾಗತ್ತೆ ಅನ್ನೋದಕ್ಕೆ ನಿನ್ನ ಗೆಳೆಯರ ಲಕ್ಷ ಮೈಲಿಗಳಲ್ಲಿ ಎಷ್ಟು ಮೈಲಿ ಸಾಕ್ಷಿ ಹೇಳುತ್ತೆ?

ಅಳಿಯ: ಸರಿ, ನನ್ನ ಪ್ರಮಾಣ ಪಕ್ಕಕ್ಕಿಡಿ. ಕೂಡದು ಅನ್ನೋರ ಪ್ರಮಾಣ ಏನು? ಕಂಪನಿಯ ಮಾತು, ಅಂದರೆ ಶಬ್ದ. ಶಬ್ದ ಪ್ರಮಾಣ ಆಗಬೇಕಾದರೆ ಹೇಳುವವನು ಆಪ್ತ ಆಗಿರಬೇಕು ಅಂತ ನೀವೇ ಹೇಳಿಕೊಟ್ಟಿದ್ದು. ಇದ್ದದ್ದನ್ನು ಇದ್ದ ಹಾಗೆ ಬಲ್ಲವನು, ಬಲ್ಲದ್ದನ್ನು ಮುಚ್ಚದೆ ಹೇಳುವವನು. ಬೈಕ್ ಟೈರ್ ಮಾರಿ ಬದುಕೋ ಕಂಪನಿ, ಕೋರ್ಟಿಗೆ ಹೆದರೋ ಕಂಪನಿ, ಅದು ಹೇಗೆ ಆಪ್ತ ಆಗತ್ತೆ?

(ಈ ಆಕ್ಷೇಪಕ್ಕೆ ತೂಕವಿದೆ. ಡಾರ್ಕ್‌ಸೈಡರ್‌ಗಳನ್ನು ಹುಚ್ಚರೆಂದು ತಳ್ಳಿಹಾಕುವವರು ಇದಕ್ಕೆ ಉತ್ತರ ಕೊಡುವುದಿಲ್ಲ. ಮಾವ ತಳ್ಳಿಹಾಕಲಿಲ್ಲ.)

ಮಾವ: ಒಪ್ಪಿದೆ. ಕಂಪನಿಯ ಮಾತನ್ನೂ ಪಕ್ಕಕ್ಕಿಡೋಣ. ಈಗ ಉಳಿದದ್ದು ಟೈರಿನ ಆಕಾರ. ಅದಕ್ಕೆ ಯಾವ ಲಾಭವೂ ಬೇಕಿಲ್ಲ. ಒಂದು ಸ್ಟೀಲ್ ಲೋಟ ತಾ.

(ಲೋಟ ಬಂತು. ಬಾಯಿ ಅಗಲ, ತಳ ಕಿರಿದು. ಮಾವ ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ನೂಕಿದರು. ಅದು ನೇರ ಹೋಗದೆ ತಳದ ಕಡೆಗೆ ಸುತ್ತಿಕೊಂಡು ಬಂತು.)

ಮಾವ: ಬೈಕ್ ಟೈರು ದುಂಡಗಿರೋದು ಇದಕ್ಕೇ. ಬಾಗಿದಾಗ ಅದು ಈ ಲೋಟದ ಹಾಗೆ ತಾನಾಗಿ ತಿರುವಿನೊಳಕ್ಕೆ ಉರುಳತ್ತೆ. ಎಷ್ಟು ಬಾಗಿದರೂ ನೆಲ ಮುಟ್ಟುವ ಜಾಗ ಸರಾಗವಾಗಿ ಪಕ್ಕಕ್ಕೆ ಸರೀತಾ ಹೋಗತ್ತೆ. ಕಾರು ಬಾಗೋಲ್ಲ, ಅದಕ್ಕೆ ಅದರ ಟೈರು ಚಪ್ಪಟೆ. ಅದನ್ನ ಬಾಗಿಸಿದರೆ ಭಾರವೆಲ್ಲ ಒಳ ಅಂಚಿಗೆ ಹೋಗಿ ಕೂರತ್ತೆ. ಆ ಅಂಚು ಗಾಡಿಯನ್ನ ವಾಪಸು ಎತ್ತಿ ನಿಲ್ಲಿಸೋಕೆ ನೋಡತ್ತೆ. ತಿರುವಿನಲ್ಲಿ ನೀನು ಹ್ಯಾಂಡಲ್ ಒತ್ತಿ ಹಿಡಿದುಕೊಂಡೇ ಇರಬೇಕು, ಹೌದೋ ಅಲ್ಲವೋ?

ಅಳಿಯ: ಹೌದು, ಮೊದಮೊದಲು ಭಾರ ಅನ್ನಿಸ್ತು. ರಸ್ತೆಯಲ್ಲಿ ಗಾಡಿಯ ಜಾಡು ಬಿದ್ದಿದ್ದರೆ ಹಿಂಭಾಗ ಆ ಕಡೆ ಎಳೀತಿತ್ತು. ಆಮೇಲೆ ಅಭ್ಯಾಸ ಆಯ್ತು. ಗಾಳಿ ಸ್ವಲ್ಪ ಇಳಿಸಿದರೆ ಪಕ್ಕೆ ಮಣಿದು ಅಂಚಿನ ಜೊತೆ ಇನ್ನಷ್ಟು ರಬ್ಬರ್ ನೆಲ ಹಿಡಿಯತ್ತೆ.

ಮಾವ: ಅಭ್ಯಾಸ ಆದದ್ದು ನಿನ್ನ ಕೈಗೆ. ಟೈರು ಹಾಗೇ ಇದೆ. ಬಾಗಿದ ಗಾಡಿಯ ಹಿಡಿತ ಪಕ್ಕೆಯ ಮಣಿತದ ಮೇಲೆ ನಿಂತಿದೆ ಅಂತ ನೀನೇ ಹೇಳಿದೆ. ತಿರುವಿನ ನಡುವೆ ಜಲ್ಲಿ ಸಿಕ್ಕಿ ಇನ್ನೂ ಒಂದಿಷ್ಟು ಬಾಗಿಸಬೇಕಾದಾಗ ಆ ಮಣಿತ ಎಷ್ಟು ಉಳಿದಿರತ್ತೆ? ಇನ್ನೊಂದು: ಟೈರಿನ ಬೀಡ್, ಅಂದರೆ ಒಳಬದಿಯ ಗಟ್ಟಿ ಅಂಚು, ಕೂರುವ ರಿಮ್ಮಿನ ಭಾಗ ಕಾರಿಗೆ ಒಂದು ಥರ, ಬೈಕಿಗೆ ಒಂದು ಥರ. 16 ಅಂತ ಎರಡರ ಮೇಲೂ ಬರೆದಿದ್ದ ಮಾತ್ರಕ್ಕೆ ಎರಡೂ ಒಂದೇ ಆಗೋಲ್ಲ.

ಅಳಿಯ: ಹಾಗಾದ್ರೆ ಇದೇ ಗೋಲ್ಡ್ ವಿಂಗನ್ನ ಮೂರು ಚಕ್ರದ ಟ್ರೈಕ್ ಮಾಡಿಸಿ ಕಾರ್ ಟೈರ್ ಹಾಕ್ತಾರಲ್ಲ, ಸೈಡ್‌ಕಾರ್ ಕಟ್ಟಿದವರೂ ಹಾಕ್ತಾರಲ್ಲ, ಅವರನ್ನ ಯಾಕೆ ಯಾರೂ ಕೇಳೋಲ್ಲ?

ಮಾವ: ಅವು ಬಾಗೋಲ್ಲ ಕಣೋ. ನಿನ್ನ ಉದಾಹರಣೆಯೇ ನನ್ನ ವಾದಕ್ಕೆ ಸಾಕ್ಷಿ ಹೇಳ್ತಿದೆ.

(ಅಳಿಯ ಸುಮ್ಮನಾದ. ಅಲ್ಲಿಯವರೆಗೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಒಳಗೆ ಬಂದಳು.)

ಹೆಂಡತಿ: ಮಾವ, ನಾನೊಂದು ಕೇಳಲಾ? ಇವರಿಗೆ ಹ್ಯಾಂಡಲ್ ಇದೆ. ಟೈರು ಏನು ಮಾಡ್ತಿದೆ ಅಂತ ಕೈಗೆ ಗೊತ್ತಾಗತ್ತೆ. ಎಲ್ಲಿಯವರೆಗೆ ಬಾಗಿಸಬಹುದು ಅಂತ ಇವರೇ ತೀರ್ಮಾನಿಸ್ತಾರೆ. ಹಿಂದೆ ಕೂತ ನನಗೆ ಯಾವ ಪ್ರಮಾಣ ಇದೆ? ಪ್ರತ್ಯಕ್ಷ ಇಲ್ಲ, ಅನುಮಾನ ಮಾಡೋಕೆ ಹೇತು ಇಲ್ಲ. ಇವರ ಮಾತು ಒಂದೇ.

ಅಳಿಯ: ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?

ಹೆಂಡತಿ: ನಂಬಿಕೆ ಇರೋದಕ್ಕೇ ಇಷ್ಟು ವರ್ಷ ಹಿಂದೆ ಕೂತಿರೋದು. ಟೈರು ಬದಲಾಯಿಸಿದ್ದು ನನಗೆ ಗೊತ್ತಾಗಿದ್ದು ಈಗ, ಮಾವ ಕೇಳಿದಾಗ.

(ಯಾರೂ ಕೆಲಹೊತ್ತು ಮಾತಾಡಲಿಲ್ಲ. ಈ ವಿವಾದದಲ್ಲಿ ಬಾಳಿಕೆ, ಬೆಲೆ, ಹಿಡಿತದ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಹಿಂದಿನ ಸೀಟಿನಲ್ಲಿ ಕೂತವರ ಲೆಕ್ಕ ಹಾಕಿದವರನ್ನು ನಾನು ಹೆಚ್ಚು ಕಂಡಿಲ್ಲ.)

ಮಾವ: ನಾವಿಬ್ಬರೂ ಇಷ್ಟು ಹೊತ್ತು ಈ ಟೈರು ಬೀಳಿಸೋಲ್ಲ ಅನ್ನೋ ಊಹೆ ಸರಿಯೋ ತಪ್ಪೋ ಅಂತ ಜಗಳ ಆಡಿದ್ವಿ. ಊಹೆ ಮಾಡುವವನು ಒಬ್ಬ, ಅದು ತಪ್ಪಿದರೆ ಪೆಟ್ಟು ತಿನ್ನುವವರು ಇನ್ನೊಬ್ಬರು ಅಂತ ಆದಾಗ, ಊಹೆ ಸರಿಯಿದ್ದರೂ ಕೇಳಿ ಮಾಡಬೇಕು.

ಅಳಿಯ: ಒಪ್ಪಿದೆ, ಕೇಳಬೇಕಿತ್ತು. ಆದ್ರೆ ಮಾವ, ನಾನೊಬ್ಬನೇ ಐ-10ರಲ್ಲಿ ಸಾವಿರ ಮೈಲಿ ಹೋಗೋವಾಗ ಈ ಟೈರೇ ಮೇಲು ಅಂತ ಈಗಲೂ ಅನ್ನಿಸತ್ತೆ.

ಮಾವ: ಇರಬಹುದು. ಅಲ್ಲಿ ಉಪಾಧಿ ನಿನ್ನ ಕಡೆ ಇದೆ, ಪೆಟ್ಟು ಬಿದ್ದರೆ ಹೆಚ್ಚಿನ ಪಾಲು ನಿನ್ನದೇ. ನಾನು ಅಡ್ಡ ಬರೋಲ್ಲ.

ಅಳಿಯ: ಹಾಗಂತ ಒಬ್ಬನೇ ಹೋಗೋವಾಗ ಒಂದು, ಇಬ್ಬರು ಹೋಗೋವಾಗ ಒಂದು ಅಂತ ಟೈರು ಬದಲಾಯಿಸ್ತಾ ಕೂರೋಕಾಗತ್ತಾ?

ಮಾವ: ಆಗೋಲ್ಲ. ಅದಕ್ಕೇ ನೀನು ಹೋಗೋ ರಸ್ತೆಗಳಲ್ಲಿ ಯಾವುದು ಎಲ್ಲಕ್ಕಿಂತ ಕಷ್ಟದ್ದೋ ಅದಕ್ಕೆ ತಕ್ಕ ಟೈರು ಹಾಕಬೇಕು. ಬಹಳ ಸಲ ಹೋಗೋ ರಸ್ತೆಗೆ ತಕ್ಕದ್ದಲ್ಲ. ಮುಂದಿನ ಶನಿವಾರ ಎಲ್ಲಿಗೆ ಅಂದಿದ್ದೆ?

ಅಳಿಯ: ಲೇಕಿ ಊರಿನ ಹತ್ತಿರ, ರಾಂಚ್ ರೋಡ್ 337. ಗುಡ್ಡದ ರಸ್ತೆ, ತಿರುವಿನ ಮೇಲೆ ತಿರುವು. ಇಬ್ಬರೂ.

ಹೆಂಡತಿ: ಶನಿವಾರ ಕಾರಿನಲ್ಲಿ ಹೋಗೋಣ. ಬೈಕಿಗೆ ಬೈಕಿನ ಟೈರು ಬಂದ ಮೇಲೆ ನಾನು ಹಿಂದೆ ಕೂರ್ತೀನಿ.

ಅಳಿಯ: ಸೋಮವಾರ ಆರ್ಡರ್ ಮಾಡ್ತೀನಿ. 180/60 ಆರ್ 16.